ತೆನೆ ಕಾದವನ ಕಲ್ಲು

ಬಿಜ್ಜರಗಿಯ ಪರಸಪ್ಪನಿಗೆ ಬಲಗಿವಿ ಅರ್ಧವೇ ಇತ್ತು. ಉಳಿದರ್ಧವನ್ನು ಅವನು ಏಳು ವರ್ಷದ ಹಿಂದೆ ಗುಡ್ಡದ ಕೋಟೆಯ ಮೇಲೆ ಬಿಟ್ಟುಬಂದಿದ್ದ. ಬಿಟ್ಟುಬಂದಿದ್ದ ಅನ್ನುವುದು ಮರ್ಯಾದೆಯ ಮಾತು. ಬಸಗೊಂಡಪ್ಪ ಗೌಡ ಅದನ್ನು ಕತ್ತಿಯಿಂದ ಕೊಯ್ದಿದ್ದ.

ಆ ಕೋಟೆ ದೊಡ್ಡದೇನಲ್ಲ. ವಿಜಾಪುರದ ಗುಮ್ಮಟ ನೋಡಿದ ಕಣ್ಣಿಗೆ ದನದ ದೊಡ್ಡಿಯ ಹಾಗೆ ಕಂಡೀತು. ಆದರೆ ಟಿಕೋಟಾದಿಂದ ಈಚೆಗೆ ಆ ಬಯಲಲ್ಲೆಲ್ಲ ಎದ್ದುನಿಂತ ಗುಡ್ಡ ಅದೊಂದೇ. ಅದರ ನೆತ್ತಿಯ ಮೇಲೆ ಎರಡು ಬುರುಜು, ಕರಿಕಲ್ಲಿನ ಗೋಡೆ, ಗೋಡೆಯ ಅಂಚಿನುದ್ದಕ್ಕೂ ಸಾಲಾಗಿ ನಿಂತ ಕಲ್ಲಿನ ಹಲ್ಲುಗಳು. ಊರವರು ಅವನ್ನು ಕೋಟೆಹಲ್ಲು ಅಂತಲೇ ಕರೆಯುತ್ತಿದ್ದರು. ಬಾಗಿಲು ಮಾತ್ರ ಸೊಟ್ಟ. ಒಳಹೊಕ್ಕವನು ನಾಲ್ಕು ಹೆಜ್ಜೆ ನಡೆದು ಥಟ್ಟನೆ ಎಡಕ್ಕೆ ಹೊರಳಬೇಕು. ಹೊರಳುವ ಜಾಗದಲ್ಲಿ ನೆತ್ತಿಯ ಮೇಲೆ ಒಂದು ಉದ್ದನೆಯ ಕಂಡಿ. ಮೇಲೆ, ಆ ಕಂಡಿಯ ಅಂಚಿಗೇ ನೆಟ್ಟ ಮೊಣಕಾಲೆತ್ತರದ ಒಂದು ಕಲ್ಲು. ಅದಕ್ಕೆ ತೆನಿಯಪ್ಪ ಅಂತ ಹೆಸರು.

ತೆನಿಯಪ್ಪ ಪರಸಪ್ಪನ ಮನೆತನದ ದೇವರು. ಕೇರಿಯಲ್ಲಿ ಇವರದು ತೆನಿಕಾಯೋರ ಮನೆ. ಪ್ರತಿ ಮಹಾನವಮಿಗೆ ಗೌಡರ ಮನೆಯಿಂದ ಕೋಣ ಬರುವುದು, ತೆನಿಕಾಯೋರು ಅದನ್ನು ಕಡಿದು ರಕ್ತವನ್ನೂ ಸಿಂಧೂರವನ್ನೂ ಕಲ್ಲಿನ ಮೇಲೆ ಸುರಿಯುವುದು. ಬೇರೆ ಯಾರು ಸುರಿದರೂ ದೇವರಿಗೆ ಮುಟ್ಟುವುದಿಲ್ಲವಂತೆ. ಎಷ್ಟು ತಲೆಮಾರು ಹೀಗೆ ನಡೆಯಿತೋ, ಕಲ್ಲಿನ ಮೈಮೇಲೆ ಹೆಬ್ಬೆರಳ ದಪ್ಪ ಕೆಂಪು ಹಕ್ಕಳೆ ಕೂತುಬಿಟ್ಟಿತ್ತು.

೧೯೫೭ರಲ್ಲಿ ಪರಸಪ್ಪ ವಿಜಾಪುರಕ್ಕೆ ಹೋಗಿ ಬುದ್ಧನ ದೀಕ್ಷೆ ತೆಗೆದುಕೊಂಡು ಬಂದ. ಆ ವರ್ಷದ ಮಹಾನವಮಿಗೆ ಕೋಣದ ಮುಂದೆ ಕೈಕಟ್ಟಿ ನಿಂತು, “ಗೌಡ್ರ, ಇನ್ನ ಮ್ಯಾಲೆ ನಾವು ರಕ್ತ ಹಾಕಂಗಿಲ್ರಿ,” ಅಂದ.

ಬಸಗೊಂಡಪ್ಪ ಗೌಡ ಕೂಗಾಡಲಿಲ್ಲ. ತನ್ನ ಮನೆಯ ಆಳು ಅಮರಪ್ಪನಿಗೆ ಕಣ್ಸನ್ನೆ ಮಾಡಿದ. ಅಮರಪ್ಪ ಹಿಂದಿನಿಂದ ಬಂದು ಪರಸಪ್ಪನ ತೋಳುಗಳನ್ನು ತಿರುಚಿ ಹಿಡಿದ. ಚಿಕ್ಕಂದಿನಲ್ಲಿ ಇಬ್ಬರೂ ಇದೇ ಗುಡ್ಡದಲ್ಲಿ ಆಡು ಕಾದವರು, ಒಂದೇ ರೊಟ್ಟಿ ಹರಿದು ತಿಂದವರು. ಗೌಡ ಕೋಣಕ್ಕೆಂದು ಮಸೆದ ಕತ್ತಿಯನ್ನು ಪರಸಪ್ಪನ ಕಿವಿಗೆ ಹಚ್ಚಿ ಒಮ್ಮೆ ಎಳೆದ. ಕಿವಿಯ ತುಂಡು ಕಲ್ಲಿನ ಬುಡಕ್ಕೆ ಬಿತ್ತು, ರಕ್ತ ಕಲ್ಲಿನ ನೆತ್ತಿಯ ಮೇಲೆ ಹರಿಯಿತು.

“ನಿಮ್ಮ ಮನಿತನದ್ದ ರಕ್ತ. ದೇವರಿಗೆ ಇನ್ನೂ ಛಲೋ ಮುಟ್ಟತೈತಿ,” ಅಂದ ಗೌಡ.

ಆ ಕಲ್ಲಿಗೆ ಬಿದ್ದ ಕೊನೆಯ ರಕ್ತ ಅದು. ಪರಸಪ್ಪ ಕಿವಿಗೆ ಅರಿಷಿಣ ಮೆತ್ತಿಕೊಂಡು ವಿಜಾಪುರಕ್ಕೆ ನಡೆದ. ಅಲ್ಲಿ ಹಳೆಯ ಕಟ್ಟಡಗಳ ದುರಸ್ತಿ ಮಾಡುವ ನಿಜಾಮುದ್ದೀನ ಅನ್ನುವ ಮುದುಕ ಗೌಂಡಿಯ ಕೈಕೆಳಗೆ ಸುಣ್ಣ ಅರಳಿಸುವ ಕೆಲಸ ಹಿಡಿದ. ಹೆಂಡತಿ ಸೋನಾಬಾಯಿ ಊರಲ್ಲೇ ಉಳಿದು ಹೊಲ ನೋಡಿಕೊಂಡಳು.

ಹೊಲ ಅಂದರೆ ಗುಡ್ಡದ ಬುಡದ ನಾಲ್ಕು ಎಕರೆ ಎರೆಭೂಮಿ. ಅದಕ್ಕೂ ಹೆಸರು ತೆನಿಹೊಲ. ಇದ್ದ ಆಸ್ತಿ ಅದೊಂದೇ. ೧೯೬೪ರಲ್ಲಿ ಅದಕ್ಕೂ ಕುತ್ತು ಬಂತು. ಊರ ಚಾಕರಿಗೆಂದು ಹಿಂದೆ ಸರಕಾರ ಬಿಟ್ಟ ಹೊಲಗಳು ಇನ್ನು ಚಾಕರಿ ಮಾಡಿದ ಮನೆಯವರ ಸ್ವಂತಕ್ಕೇ ಅಂತ ಹೊಸ ಕಾಯಿದೆ ಬಂದಿತ್ತು. ಗೌಡ ಥಟ್ಟನೆ ತಕರಾರು ಹಾಕಿದ. ತೆನಿಕಾಯೋರು ಸರಕಾರದ ಚಾಕರಿ ಮಾಡಿದವರೇ ಅಲ್ಲ, ನಮ್ಮ ಹಿರಿಯರ ಜೋಳದ ತೆನೆಗೆ ಹಕ್ಕಿ ಬೀಳದ ಹಾಗೆ ಕಾದ ಮನೆಯಾಳುಗಳು, ಆದ್ದರಿಂದ ಹೊಲ ನಮ್ಮದು. ಮನೆತನದ ಹೆಸರೇ ಸಾಕ್ಷಿಯಾಗಿ ನಿಂತಿರುವಾಗ ಪರಸಪ್ಪ ಏನು ಹೇಳಬೇಕು? ಅವನ ಅಪ್ಪನೂ ಅಜ್ಜನೂ ಹಾಗೇ ನಂಬಿದ್ದರು.

ಆ ಮಳೆಗಾಲದಲ್ಲಿ ಪರಸಪ್ಪ ಊರಿಗೆ ಬಂದಾಗ ಸೋನಾಬಾಯಿ ಒಂದು ಸುದ್ದಿ ಹೇಳಿದಳು.

“ತೆನಿಯಪ್ಪನ ಮೈ ಸುಲದೈತಿ ನೋಡ್ರಿ. ಒಳಗ ಅಕ್ಷರ ಅದಾವ.”

ಏಳು ವರ್ಷ ಸಿಂಧೂರವಿಲ್ಲದೆ ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಹಕ್ಕಳೆ ಚೂರುಚೂರಾಗಿ ಉದುರತೊಡಗಿತ್ತು. ಪರಸಪ್ಪ ಮೇಲಿನ ಅರ್ಧವನ್ನು ಮೆಲ್ಲಗೆ ಕೆರೆದು ತೆಗೆದ. ಒಳಗೆ ಕವಣೆ ಎತ್ತಿ ಬೀಸುತ್ತಿದ್ದ ಒಬ್ಬ ಮನುಷ್ಯ, ಅವನ ತಲೆಯ ಮೇಲೆ ಎರಡು ಸಾಲು ಹಳೆಯ ಅಕ್ಷರ.

ಓದಲು ಬಬಲೇಶ್ವರದಿಂದ ಸಾಲಿಮಾಸ್ತರ ಗುರುಪಾದಯ್ಯನವರನ್ನು ಕರೆತಂದ. ಹಳೆಯ ಲಿಪಿಯ ಹುಚ್ಚಿದ್ದ ಮನುಷ್ಯ. ಸುದ್ದಿ ತಿಳಿದು ಗೌಡನೂ ಅಮರಪ್ಪನನ್ನು ಕಟ್ಟಿಕೊಂಡು ಹತ್ತಿಬಂದ. ಮಾಸ್ತರರು ಕನ್ನಡಕ ಒರೆಸಿ, ಬೆರಳಿಟ್ಟು ಓದಿದರು: “ತೆನೆಯ ಕಾದು ಸತ್ತ ಮಾಯಗನ ಮಗಂಗೆ ಬಿಟ್ಟ ಕೆಯ್.”

“ಕೆಯ್ ಅಂದ್ರ ಹೊಲ,” ಅಂತ ಬಿಡಿಸಿ ಹೇಳಿದರು. “ತೆನಿ ಕಾಯಕ್ಕೋಂತ ಸತ್ತ ಮಾಯಗ ಅನ್ನಾಂವನ ಮಗಗ ಕೊಟ್ಟ ಹೊಲ.”

ಗೌಡ ತೊಡೆ ತಟ್ಟಿಕೊಂಡು ನಕ್ಕ. “ಕೇಳಿದೇನಲೇ ಪರಸ್ಯಾ? ಕೈಯಾಗ ಕವಣಿ ನೋಡು. ನಿಮ್ಮ ಮುತ್ಯಾ ಗುಬ್ಬಿ ಹೊಡಕ್ಕೋಂತ ಸತ್ತಾನ! ಮಾಸ್ತರ, ಇದನ್ನ ಹಂಗ ಕಾಗದದ ಮ್ಯಾಲ ಇಳಸ್ರಿ. ನಾನೂ ಸಹಿ ಹಾಕತೇನಿ.”

ಹಾಕಿದ. ನಕಲು ಕಚೇರಿಗೂ ಹೋಯಿತು. ಪರಸಪ್ಪ ತಾನೇ ಕೆರೆದು ತೆಗೆದ ಕಲ್ಲು ತನ್ನ ಹೊಲವನ್ನೇ ನುಂಗಿತಲ್ಲ ಅಂತ ಹಳಹಳಿಸುತ್ತ ವಿಜಾಪುರಕ್ಕೆ ಮರಳಿದ.

ಒಂದು ದಿನ ಸಿದ್ಧೇಶ್ವರ ಗುಡಿಯ ಹಿಂದಿನ ಚಹಾ ಅಂಗಡಿಯಲ್ಲಿ ಕೂತು ನಿಜಾಮುದ್ದೀನ ಚಾಚಾನ ಮುಂದೆ ಎಲ್ಲವನ್ನೂ ಹೇಳಿಕೊಂಡ. ಮುದುಕ ಬಸಿಯಲ್ಲಿದ್ದ ಚಹಾ ಹಾಗೇ ಇಟ್ಟ.

“ಏನಂದಿ? ತೆನಿ? ಕೋಟಿ ಮ್ಯಾಲಿನ ಕಲ್ಲಿನಾಗ?”

“ಹೌದ ಚಾಚಾ, ಜ್ವಾಳದ ತೆನಿ.”

“ಅರೆ ಹುಚ್ಚಪ್ಪಾ! ಗ್ವಾಡಿ ಮ್ಯಾಲ ಹಲ್ಲಿನಂಗ ಕಲ್ಲು ನಿಲ್ಲಸತಾರಲ್ಲ, ನಾವು ಅದಕ್ಕ ಕಂಗೂರ ಅಂತೀವಿ. ನಮ್ಮಜ್ಜನ ಸಂಗಾಟ ಇದ್ದ ಕನ್ನಡ ಕಲ್ಲುಕುಟಿಗರು ಏನಂತಿದ್ರು ಗೊತ್ತೈತೇನು? ತೆನಿ ಅಂತಿದ್ರು. ಕೋಟಿ ತೆನಿ!”

ಮರುದಿನವೇ ಪರಸಪ್ಪ ಮುದುಕನನ್ನು ಬಸ್ಸಿನಲ್ಲಿ ಟಿಕೋಟಾಕ್ಕೆ ತಂದು, ಅಲ್ಲಿಂದ ಬಂಡಿಯಲ್ಲಿ ಕೂರಿಸಿಕೊಂಡು ಗುಡ್ಡಕ್ಕೆ ಬಂದ. ನಿಜಾಮುದ್ದೀನ ಕೋಟೆಯನ್ನು ಹಳೆಯ ನೆಂಟನನ್ನು ನೋಡಿದ ಹಾಗೆ ನೋಡಿದ. ಒಳಗೊಂದು ಹೊರಗೊಂದು ಗೋಡೆ ಕಟ್ಟಿ ನಡುವೆ ಕಲ್ಲುಚೂರು, ಗಚ್ಚು ತುಂಬಿದ್ದನ್ನು ತೋರಿಸಿದ. ಬಾಗಿಲು ಸೊಟ್ಟ ಇದ್ದದ್ದು ಆನೆ ಓಡಿಬಂದು ಕದಕ್ಕೆ ಹಾಯಬಾರದೆಂದು. ವೈರಿ ಒಳಹೊಕ್ಕು ಹೊರಳಲು ನಿಂತ ಗಳಿಗೆಗೆ ಮೇಲಿನ ಕಂಡಿಯಿಂದ ಕಾದ ಎಣ್ಣೆ ಸುರಿಯುತ್ತಿದ್ದರಂತೆ. ಒಂದೊಂದು ತೆನೆಯ ಮರೆಗೆ ಒಬ್ಬೊಬ್ಬ ಆಳು ಕವಣೆ ಹಿಡಿದು ನಿಲ್ಲುತ್ತಿದ್ದನಂತೆ.

ಆಮೇಲೆ ಕಲ್ಲಿನ ಕೆಳಗಿನ ಅರ್ಧದ ಹಕ್ಕಳೆಯನ್ನೂ ಕೆರೆದರು. ಕವಣೆಯವನ ಮೊಣಕಾಲ ಮುಂದೆ ಸಾಲಾಗಿ ಕೆತ್ತಿದ ಕೋಟೆಹಲ್ಲುಗಳು. ಅವನು ಅವುಗಳ ಹಿಂದೆ ನಿಂತಿದ್ದ. ಅವನ ಹೊಟ್ಟೆಯಲ್ಲಿ ಒಂದು ಈಟಿ ನೆಟ್ಟಿತ್ತು. ಗುಬ್ಬಿಗಳು ಈಟಿ ಎಸೆಯುವುದಿಲ್ಲ. ಇನ್ನೂರು ಮುನ್ನೂರು ವರ್ಷ ತಾವು ಸುರಿದ ರಕ್ತದ ಕೆಳಗೇ ತಮ್ಮ ಮಾನ ಮುಚ್ಚಿಹೋಗಿತ್ತು ಅಂತ ಪರಸಪ್ಪ ಗಳಗಳ ಅತ್ತ.

ಅತ್ತು, ಕೋಟೆ ಕಾದದ್ದು ಸರಕಾರದ ಚಾಕರಿಯೇ ಅಂತ ತಾಲೂಕಿನ ಮಾಮಲೇದಾರರ ಕಚೇರಿಗೆ ಅರ್ಜಿ ಕೊಟ್ಟು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಸುಮ್ಮನಿರುವ ಬಾಯಿ ಅವನದಲ್ಲ. ಸಂತೆಯ ದಿನ ಟಿಕೋಟಾದ ಹೋಟೆಲಿನಲ್ಲಿ ಎದೆ ಉಬ್ಬಿಸಿ, “ನಮ್ಮ ಮುತ್ಯಾ ಸರಕಾರದ ಕೋಟಿ ಕಾದು ಸತ್ತಾಂವ! ಮಾಮಲೇದಾರ ಸಾಹೇಬರು ಕಲ್ಲ ನೋಡಾಕ ಬರಾಕತ್ತಾರ!” ಅಂತ ಎಲ್ಲರಿಗೂ ಕೇಳುವ ಹಾಗೆ ಸಾರಿದ. ಸಂಜೆಯೊಳಗೆ ಮಾತು ಗೌಡನ ಕಟ್ಟೆ ಮುಟ್ಟಿತು. ಗೌಡ ಎರಡು ವಾರ ಆ ಒಂದು ಶಬ್ದವನ್ನೇ ಅಗಿದ. ತೆನಿ, ಕೋಟಿ ತೆನಿ. ಕಾಗದದಲ್ಲಿದ್ದ ಶಬ್ದಕ್ಕೆ ಅವನದೇ ಸಹಿ ಇತ್ತು, ಅದನ್ನು ಅಳಿಸುವ ಹಾಗಿರಲಿಲ್ಲ. ಆದರೆ ಶಬ್ದದ ಅರ್ಥ ಹೇಳುತ್ತಿದ್ದದ್ದು ಕಲ್ಲಿನ ಮೇಲಿನ ಆ ಚಿತ್ರ. ಕಲ್ಲೇ ಪುಡಿಯಾದರೆ ಒಬ್ಬ ಮುದುಕ ಗೌಂಡಿಯ ಮಾತನ್ನು ಯಾರು ನಂಬುತ್ತಾರೆ?

ಸಾಹೇಬರು ಬರುವ ದಿನ ಬೆಳಗಾಗುತ್ತಲೇ ಪರಸಪ್ಪನೂ ಸೋನಾಬಾಯಿಯೂ ಕೋಟೆ ಹತ್ತಿದರು. ಕೆರೆದ ಮೇಲೆ ಕಲ್ಲು ಬುಡದಲ್ಲಿ ಅಲುಗಾಡುತ್ತಿತ್ತು, ಅದಕ್ಕೆ ಗಚ್ಚು ತುಂಬಿ ಗಟ್ಟಿ ಮಾಡಬೇಕಿತ್ತು. ಪರಸಪ್ಪ ಹಾರೆ, ಒಂದು ಚೀಲ ಕಲ್ಲುಸುಣ್ಣ ಹೊತ್ತುಕೊಂಡಿದ್ದ. ಮೇಲೆ ಒಂದು ಡಬ್ಬಿಯಲ್ಲಿ ಸುಣ್ಣ ಹಾಕಿ ನೀರು ಹೊಯ್ದ. ಅದು ಬುಸುಗುಟ್ಟಿ ಕುದಿಯತೊಡಗಿತು. ಇನ್ನೊಂದು ಕೊಡ ನೀರಿಗೆಂದು ಸೋನಾಬಾಯಿ ಕೋಟೆಯೊಳಗಿನ ಬಂಡೆಬಾವಿಗೆ ಇಳಿದಳು.

ಅಷ್ಟರಲ್ಲಿ ಕೆಳಗೆ ಕಲ್ಲು ಉರುಳಿದ ಸಪ್ಪಳ ಕೇಳಿಸಿತು. ಪರಸಪ್ಪ ಕೋಟೆಹಲ್ಲಿನ ಸಂದಿಯಿಂದ ಬಗ್ಗಿ ನೋಡಿದ. ನಾಲ್ಕು ಮಂದಿ ಏರಿಬರುತ್ತಿದ್ದರು. ಮುಂದೆ ಕೊಡಲಿ ಹಿಡಿದ ಬಸಗೊಂಡಪ್ಪ ಗೌಡ, ಹಿಂದೆ ದೊಡ್ಡ ಸುತ್ತಿಗೆ ಹೊತ್ತ ಅಮರಪ್ಪ, ಅವರ ಹಿಂದೆ ಬಡಿಗೆಯ ಇಬ್ಬರು ಆಳುಗಳು.

“ಇಳದ ಹೋಗಲೇ ಪರಸ್ಯಾ. ನಿನ್ನ ಮುಟ್ಟಂಗಿಲ್ಲ. ಕಲ್ಲಷ್ಟ ಒಡದು ಹೋಗತೀವಿ,” ಅಂತ ಗೌಡ ಕೂಗಿದ.

“ನಾ ಇಲ್ಲೇ ಇರಾಂವ್ರಿ ಗೌಡ್ರ. ಒಂದ ಕಿವಿ ಕೊಟ್ಟೇನಿ, ಇನ್ನೇನೂ ಕೊಡಂಗಿಲ್ಲ!”

ಆಳುಗಳಿಬ್ಬರು ಒಳನುಗ್ಗಿ ಮೆಟ್ಟಿಲಿಗೆ ಬಂದರು. ಮೆಟ್ಟಿಲು ಒಬ್ಬನೇ ಏರುವಷ್ಟು ಕಿರಿದು. ಪರಸಪ್ಪ ಉದುರಿಬಿದ್ದಿದ್ದ ಗೋಡೆಕಲ್ಲುಗಳನ್ನು ಎರಡೂ ಕೈಯಿಂದ ಎತ್ತಿ ಒಗೆದ. ಮೊದಲನೆಯವನ ಮೊಣಕಾಲಿನ ಚಿಪ್ಪು ಮಡಕೆಯ ಹಾಗೆ ಒಡೆಯಿತು. ಅವನು ಹಿಂದಿನವನ ಮೇಲೆ ಬಿದ್ದ, ಇಬ್ಬರೂ ಉರುಳಿದರು. ಎರಡನೆಯವನು ಎದ್ದು ಬಾಯಿಯಿಂದ ಹಲ್ಲು ಉಗುಳುತ್ತ ಓಡಿಹೋದ. ಮೊದಲನೆಯವನು ಅಲ್ಲೇ ಬಿದ್ದು ಅವ್ವನನ್ನು ಕರೆಯುತ್ತಿದ್ದ. ಕಲ್ಲುಗಳು ಮುಗಿದವು.

ಗೌಡ ಬೈಯುತ್ತ ಸೊಟ್ಟ ಬಾಗಿಲಿಗೆ ನುಗ್ಗಿದ. ನಾಲ್ಕು ಹೆಜ್ಜೆ ಬಂದು ಎಡಕ್ಕೆ ಹೊರಳಲು ನಿಂತ. ಪರಸಪ್ಪ ಕಂಡಿಯಿಂದ ನೋಡಿದರೆ ಕೆಳಗೆ ಗೌಡನ ಮೇಲೆತ್ತಿದ ಮುಖ. ಯೋಚಿಸಲಿಲ್ಲ. ಕುದಿಯುವ ಸುಣ್ಣದ ಡಬ್ಬಿಯನ್ನು ಕಂಡಿಗೆ ಬೋರಲು ಹಾಕಿದ. ಗೌಡನ ಕೂಗಿಗೆ ಬುರುಜಿನ ಪಾರಿವಾಳಗಳೆಲ್ಲ ಹಾರಿಹೋದವು. ಅವನು ಮುಖವನ್ನು ಉಗುರಿನಿಂದ ಕೆರೆದುಕೊಂಡ, ಕೆರೆದಲ್ಲೆಲ್ಲ ಚರ್ಮ ಕಿತ್ತು ಬಂತು. ಎಡಗಣ್ಣು ಮುಚ್ಚಿಯೇ ಹೋಯಿತು. ಪರಸಪ್ಪನಿಗೆ ಅದನ್ನು ಕಂಡು ಸಂತೋಷವಾಯಿತು. ಬುದ್ಧನ ಹೆಸರು ಹೇಳುವವನಿಗೆ ಆಗಬಾರದಿತ್ತು, ಆಯಿತು.

ಆಗ ಸೋನಾಬಾಯಿ ಚೀರಿದ್ದು ಕೇಳಿತು. ಗದ್ದಲಕ್ಕೆ ಹೆದರಿ ಕೊಡ ಬಿಟ್ಟು ಓಡಿಬಂದವಳನ್ನು ಅಮರಪ್ಪ ಬಾಗಿಲ ತಿರುವಿನಲ್ಲಿ ಹಿಡಿದಿದ್ದ. ತುರುಬು ಹಿಡಿದು ಎಳೆದು, ಕಂಡಿಯ ಕೆಳಗೇ ಮಂಡಿಯೂರಿಸಿದ. ಸುತ್ತಿಗೆ ಬಿಟ್ಟು ಗೌಡನ ಕೊಡಲಿ ಎತ್ತಿಕೊಂಡ.

“ಇಳದ ಬಾ ಪರಸ್ಯಾ,” ಅಂದ ಅಮರಪ್ಪ. “ಕಲ್ಲ ಏನ್ ಮಾಡತೀಯೋ ಮಾರಾಯಾ, ಇಳದ ಬಾ. ನನ್ನ ಕೈಲೆ ಇದನ್ನ ಮಾಡಸಬ್ಯಾಡ.”

“ಅಮರ್ಯಾ, ಬಿಡೋ ಅಕಿನ್ನ! ಅಕಿ ಏನ ಮಾಡ್ಯಾಳ ನಿನಗ?”

“ಇಳೀಬ್ಯಾಡ್ರಿ!” ಸೋನಾಬಾಯಿ ಮುಖ ಮೇಲೆತ್ತಿ ಕೂಗಿದಳು. “ಇಳದ್ರ ಹೊಲಾ ಹೋಗತೈತಿ!”

ಗೋಡೆಗೆ ಆತು ನರಳುತ್ತಿದ್ದ ಗೌಡ ಒಂದೇ ಸಮನೆ ಅರಚಿದ. “ಕಡಿಯಲೇ! ನನ್ನ ಕಣ್ಣ ತಗದಾನ, ಅವನ ಹೇಣ್ತೀನ್ನ ಕಡಿ! ಕಡಿ ಅಂತೇನಿ!”

ಅಮರಪ್ಪ ಕೊಡಲಿ ಎತ್ತಿದ. ಹುಟ್ಟಿದಾಗಿನಿಂದ ಆ ದನಿಗೆ ಎದ್ದು ಕೂತ ಮೈ ಅದು. ಪರಸಪ್ಪ ಸುತ್ತ ನೋಡಿದ. ಒಂದು ಕಲ್ಲಿಲ್ಲ, ಒಂದು ಹಿಡಿ ಸುಣ್ಣವಿಲ್ಲ. ಮೆಟ್ಟಿಲಿಳಿದು ಓಡುವಷ್ಟು ಹೊತ್ತಿಲ್ಲ. ಕಂಡಿಯ ಅಂಚಿನಲ್ಲಿ ಅಲುಗಾಡುತ್ತ ನಿಂತದ್ದು ಒಂದೇ, ಮಾಯಗನ ಕಲ್ಲು. ಅದೇ ಅವನ ಹೊಲ, ಅವನ ಮುತ್ಯಾನ ಮಾನ, ಇವತ್ತು ಸಾಹೇಬರ ಮುಂದೆ ಬಾಯಿ ಬಿಡಬೇಕಾಗಿದ್ದ ಏಕೈಕ ಸಾಕ್ಷಿ.

“ಸೋನೀ, ಗ್ವಾಡಿಗೆ ಹೊಳ್ಳು!” ಅಂತ ಕೂಗಿ, ಕಲ್ಲಿನ ಬುಡಕ್ಕೆ ಹಾರೆ ಕೊಟ್ಟು ಮೀಟಿದ.

ಸೋನಾಬಾಯಿ ಕೂದಲನ್ನು ಅವನ ಕೈಯಲ್ಲೇ ಬಿಟ್ಟು ಗೋಡೆಯತ್ತ ಉರುಳಿದಳು. ಕಲ್ಲು ಅಮರಪ್ಪನ ನೆತ್ತಿಯ ಮೇಲೆ ಬಿತ್ತು. ಹಸಿ ಕುಂಬಳಕಾಯಿ ಒಡೆದಂಥ ಸದ್ದು. ಕೊಡಲಿ ಒಂದು ಕಡೆ, ಅವನೊಂದು ಕಡೆ. ಕಲ್ಲು ಚಪ್ಪಡಿಗೆ ಬಡಿದು ಒಡೆಯಿತು. ಅಕ್ಷರದ ತುಂಡು ಉಳಿಯಿತು. ಈಟಿ, ತೆನೆಗಳ ಸಾಲು ಇದ್ದ ಕೆಳಗಿನ ಅರ್ಧ ನುಚ್ಚುನೂರಾಯಿತು.

ಪರಸಪ್ಪ ಇಳಿದು ಬಂದ. ಹೆಂಡತಿಯ ತಲೆಯಿಂದ ರಕ್ತ ಹರಿಯುತ್ತಿತ್ತು, ಬದುಕಿದ್ದಳು. ಅಮರಪ್ಪನ ಹತ್ತಿರ ಕೂತ. ಬೆರಳುಗಳಲ್ಲಿ ಸೋನಾಬಾಯಿಯ ಕೂದಲು ಸುತ್ತಿಕೊಂಡಿತ್ತು. ಕಣ್ಣು ತೆರೆದೇ ಇದ್ದವು. ಪರಸಪ್ಪನಿಗೆ ಇದೇ ಬಾಗಿಲ ನೆರಳಲ್ಲಿ ತಾವಿಬ್ಬರೂ ಆಡಿನ ಹಾಲು ಕರೆದು ಕುಡಿದದ್ದು ನೆನಪಾಯಿತು. ಅಂಗೈಯಿಂದ ಆ ಕಣ್ಣುಗಳನ್ನು ಮುಚ್ಚಿ, ಎದ್ದು ಗೋಡೆಗೆ ಹಣೆ ಬಡಿದುಕೊಂಡ.

ಜೀಪು ಬಂದಾಗ ಹೊತ್ತು ಏರಿತ್ತು. ಮಾಮಲೇದಾರರು, ಗುಮಾಸ್ತ, ಇಬ್ಬರು ಪೊಲೀಸರು, ಜೊತೆಗೆ ದಾರಿಯಲ್ಲಿ ಹತ್ತಿಸಿಕೊಂಡ ನಿಜಾಮುದ್ದೀನ. ಪರಸಪ್ಪ ಓಡಲಿಲ್ಲ, ಎರಡೂ ಕೈ ಮುಂದೆ ಚಾಚಿದ. ಬೇಡಿ ಬಿತ್ತು. ಚಾಚಾ ಒಡೆದ ಕಲ್ಲಿನ ಚೂರುಗಳನ್ನು ಆರಿಸಿ ಜೋಡಿಸಲು ನೋಡಿದ, ಆಗಲಿಲ್ಲ. ಸುಮ್ಮನೆ ತಲೆ ಅಲ್ಲಾಡಿಸಿದ. ಪರಸಪ್ಪನಿಗೆ ತಿಳಿಯಿತು. ಗೆಳೆಯನೂ ಹೋದ, ಹೊಲವೂ ಹೋಯಿತು.

ಗೌಡ ಒದ್ದೆ ಪಟಕಾದಿಂದ ಮುಖ ಒತ್ತಿಕೊಂಡು ಸಾಹೇಬರ ಮುಂದೆ ಕೂತು ಫಿರ್ಯಾದಿ ಹೇಳತೊಡಗಿದ. ಗುಮಾಸ್ತ ಬರೆದುಕೊಳ್ಳುತ್ತಿದ್ದ.

“ನಾವು ಸುಮ್ಮ ಗುಡ್ಡ ನೋಡಾಕ ಬಂದಿದ್ವಿರಿ. ಈ ಹಲ್ಕಟ್ ತೆನಿ ಮರೀಗೆ ನಿಂತು ಕಲ್ಲು ಒಗದಾನ್ರಿ, ತೆನಿ ಸಂದ್ಯಾಗಿಂದ ಹಣಿಕಿ ಹಾಕಿ ಸುಣ್ಣಾ ಸುರವ್ಯಾನ್ರಿ...”

ಸಾಹೇಬರು ತಲೆ ಎತ್ತಿದರು. “ಯಾವ ತೆನೆ, ಗೌಡರೇ? ಇಲ್ಲಿ ಜೋಳ ಎಲ್ಲಿದೆ?”

“ಜ್ವಾಳ ಯಾಕ ಬರತೈತ್ರಿ ಇಲ್ಲೆ!” ಉರಿ ತಾಳದೆ ಗೌಡ ಕೂಗಿದ, ಗೋಡೆಯ ಮೇಲೆ ಕೈ ತೋರಿಸಿದ. “ಕೋಟಿ ತೆನಿರಿ ಸಾಹೇಬರ! ಅಗೋ, ಮ್ಯಾಲ ನಿಂತಾವಲ್ಲ! ತೆನಿ ಅಂದ್ರ ಮತ್ತ್ಯಾವುದು?”

ಗುಮಾಸ್ತನ ಲೇಖಣಿ ನಿಂತಿತ್ತು.

“ಬರೆದುಕೊಳ್ಳಪ್ಪ,” ಅಂದರು ಸಾಹೇಬರು ಮೆಲ್ಲಗೆ. “ಅವರು ಹೇಳಿದ ಹಾಗೆಯೇ ಬರೆ. ಕೊನೆಗೆ ಸಹಿ ಹಾಕಿಸಿಕೋ. ಮಾಸ್ತರರ ನಕಲಿನ ಜೊತೆಗೆ ಇದನ್ನೂ ಇಡೋಣ. ಹೊಲದ ವಿಚಾರಣೆಗೆ ಇನ್ನು ಬೇರೆ ಸಾಕ್ಷಿ ಬೇಡ.”

ಗೌಡನ ಉಳಿದ ಒಂದು ಕಣ್ಣು ಅಗಲವಾಯಿತು. ತಾನೇನು ಆಡಿದೆನೆಂದು ಈಗ ಅವನಿಗೆ ಹೊಳೆದಿತ್ತು.

ಪೊಲೀಸರು ಪರಸಪ್ಪನನ್ನು ಗುಡ್ಡ ಇಳಿಸಿದರು. ಸೋನಾಬಾಯಿ ತಲೆಗೆ ಸೆರಗು ಒತ್ತಿಕೊಂಡು ಜೊತೆಗೇ ಇಳಿದಳು. ಕೆಳಗೆ ತೆನಿಹೊಲ ಹಸಿಯಾಗಿ, ಕಪ್ಪಗೆ, ಹಿಂಗಾರಿ ಬಿತ್ತನೆಗೆ ಹದವಾಗಿ ಮಲಗಿತ್ತು. ಅಮರಪ್ಪನ ಹೆಂಡತಿ ಬೋರವ್ವ ಸುದ್ದಿ ಕೇಳಿ ಬಾಯಿ ಬಡಿದುಕೊಳ್ಳುತ್ತ ಅದೇ ಹೊಲದ ಬದುವಿನ ಮೇಲೆ ಓಡಿಬರುತ್ತಿದ್ದಳು. ಇವರ ಕಡೆ ನೋಡದೆ ಗುಡ್ಡ ಹತ್ತಿಹೋದಳು. ಅವಳ ದನಿ ಮೇಲೇರುತ್ತ ಹೋದದ್ದನ್ನು ಪರಸಪ್ಪ ಅರ್ಧ ಕಿವಿಯಲ್ಲೂ ಕೇಳಿದ, ಇಡೀ ಕಿವಿಯಲ್ಲೂ ಕೇಳಿದ.

“ಹೊಲ ನೀನ ಬಿತ್ತು,” ಅಂದ ಹೆಂಡತಿಗೆ. “ನಾ ಯಾವಾಗ ಬರತೇನೋ ಗೊತ್ತಿಲ್ಲ. ಬೆಳಿ ಬಂದ ಮ್ಯಾಲ ಮೊದಲನೇ ತೆನಿ ಬೋರವ್ವಗ ಕೊಡು.”

ಸೋನಾಬಾಯಿ ಗುಡ್ಡದ ಕಡೆ ನೋಡಿದಳು. ಗಂಡನ ಬೇಡಿ ಹಾಕಿದ ಕೈಗಳನ್ನು ನೋಡಿದಳು.

“ಅಕಿ ಇಸ್ಕೋತಾಳೇನ್ರಿ?” ಅಂದಳು.

ಪರಸಪ್ಪ ಜೀಪು ಹತ್ತಿದ. ಟಿಕೋಟಾ ದಾಟುವವರೆಗೂ ಅವನು ಹಿಂದೆ ಹೊರಳಿ ಗುಡ್ಡವನ್ನೇ ನೋಡುತ್ತಿದ್ದ.